ಎರಡು ಕಿಲೋವಾಟ್ ಸೋಲಾರಿನ ಲೆಕ್ಕ

ಕಾಸರಗೋಡಿನಲ್ಲಿ ಮನೆಗೆ ಸೋಲಾರ್ ಹಾಕಿಸುವವರು ಕೊಟೇಶನ್ ಕೇಳುವ ಮೊದಲು ಕೆಎಸ್‌ಇಬಿ, ಅಂದರೆ ಕೇರಳ ವಿದ್ಯುತ್ ಮಂಡಳಿಯ ಬಿಲ್ಲು ಹರಡಿಕೊಂಡು ಕೂರಬೇಕು. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲು ಆರು ಸಿಕ್ಕಿದರೆ ವರ್ಷದ ಬಳಕೆ ಗೊತ್ತಾಗುತ್ತದೆ. ಇಲ್ಲಿ ದರ ಹಂತಹಂತವಾಗಿ ಏರುತ್ತದೆ: ತಿಂಗಳಿಗೆ ಮೊದಲ 50 ಯುನಿಟ್ ಅಗ್ಗ, 200 ದಾಟಿದ ಮೇಲಿನವಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು. 250 ಮೀರಿದರೆ ಹಂತವೇ ಇಲ್ಲ, ಮೊದಲ ಯುನಿಟ್‌ನಿಂದಲೇ ಒಂದೇ ದರ. ಸೋಲಾರ್ ಮೊದಲು ಕಡಿಮೆ ಮಾಡುವುದು ಮೇಲಿನ ದುಬಾರಿ ಯುನಿಟ್‌ಗಳನ್ನು. ಪ್ಯಾನೆಲ್ ಹೆಚ್ಚಿಸುತ್ತ ಹೋದಂತೆ ಉಳಿತಾಯವಾಗುವುದು ಅಗ್ಗದ ಯುನಿಟ್‌ಗಳು.

ಹಾಗಾಗಿ ನಾನು ಪ್ಯಾನೆಲ್‌ಗಿಂತ ಮೊದಲು ಫ್ಯಾನ್ ಬದಲಾಯಿಸಿದೆ. ಹಳೆಯದು 75 ವಾಟ್ ಎಳೆಯುತ್ತದೆ, ಬ್ರಶ್ ಇಲ್ಲದ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ಐದು ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ಒಂದು ಬಿಲ್ಲಿನಲ್ಲಿ 135 ಯುನಿಟ್ ಉಳಿಯುತ್ತದೆ. ಅಷ್ಟು ಉತ್ಪಾದಿಸಲು ಅರ್ಧ ಕಿಲೋವಾಟ್‌ಗಿಂತ ಹೆಚ್ಚೇ ಪ್ಯಾನೆಲ್ ಬೇಕು.

ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಸಬ್ಸಿಡಿ ಮೊದಲ ಎರಡು ಕಿಲೋವಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಆಮೇಲೆ ಏನೂ ಇಲ್ಲ. ತಿಂಗಳಿಗೆ 200 ಯುನಿಟ್ ಒಳಗೆ ಇರುವ ಮನೆಗೆ ಎರಡು ಕಿಲೋವಾಟ್ ಧಾರಾಳ. ಮಾರುಕಟ್ಟೆ ಬೆಲೆ ಸುಮಾರು ಒಂದೂವರೆ ಲಕ್ಷ, ಸಬ್ಸಿಡಿ ಕಳೆದರೆ 90,000. 540 ವಾಟ್‌ನ ನಾಲ್ಕು ಪ್ಯಾನೆಲ್ ವರ್ಷಕ್ಕೆ 2,600 ಯುನಿಟ್‌ನಷ್ಟು ಕೊಡುತ್ತವೆ. ಜೂನ್, ಜುಲೈಯಲ್ಲಿ ಉತ್ಪಾದನೆ ಅರ್ಧದ ಹತ್ತಿರಕ್ಕೆ ಬೀಳುತ್ತದೆ, ವರ್ಷದ ಒಟ್ಟು ಉತ್ಪಾದನೆಯಲ್ಲಿ ಫೆಬ್ರವರಿ, ಮಾರ್ಚ್ ಅದನ್ನು ತುಂಬಿಕೊಡುತ್ತವೆ. ಯುನಿಟ್‌ಗೆ ತೆರಿಗೆ ಸೇರಿ ಸರಾಸರಿ ಆರು ರೂಪಾಯಿ ಹಿಡಿದರೆ ಆರು ವರ್ಷಕ್ಕೆ ಹಣ ವಾಪಸ್. ಫಿಕ್ಸೆಡ್ ಚಾರ್ಜ್ ಮಾತ್ರ ತಪ್ಪುವುದಿಲ್ಲ. ಸಬ್ಸಿಡಿ ಕೆಲಸ ಮುಗಿದ ಮೇಲೆ ಖಾತೆಗೆ ಬರುವುದರಿಂದ ಪೂರ್ತಿ ಹಣ ಮೊದಲೇ ಹೊಂದಿಸಬೇಕು. ಪ್ಯಾನೆಲ್ ಡಿಸಿಆರ್, ಅಂದರೆ ಸೆಲ್ ಕೂಡ ಭಾರತದಲ್ಲೇ ತಯಾರಾದದ್ದು, ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಮೀಟರ್ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿದ್ದರೆ ಹೆಸರು ಬದಲಾವಣೆಗೆ ಸೆಕ್ಷನ್ ಆಫೀಸಿನಲ್ಲಿ ಈಗಲೇ ಅರ್ಜಿ ಕೊಡಿ. ಹೆಚ್ಚು ತಡವಾಗುವುದು ಅಲ್ಲೇ.

ನಮ್ಮ ಕಡೆ ಸೋಲಾರ್ ಕೆಡಿಸುವುದು ಮಳೆಗಿಂತ ನೆರಳು. ಮನೆ ತೋಟದ ಮಧ್ಯೆ. ಪ್ಯಾನೆಲ್‌ಗಳು ಸರಣಿಯಲ್ಲಿ ಜೋಡಿಸಿರುವುದರಿಂದ ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆಗೆ ಏಟು. ಮಾರ್ಚ್‌ನಲ್ಲಿ ನೋಡಿದರೆ ತಾರಸಿಯೆಲ್ಲ ಬಿಸಿಲು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ನಡುಮಧ್ಯಾಹ್ನವೂ ಮರದ ನೆರಳು ಅದರ ಎತ್ತರದ ಮುಕ್ಕಾಲು ಭಾಗದಷ್ಟು ಉತ್ತರಕ್ಕೆ ಚಾಚುತ್ತದೆ. ಡಿಸೆಂಬರಿನ ಒಂದು ದಿನ ಬೆಳಗ್ಗೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ನೆರಳಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಮೂರೂ ಗೆರೆಗೆ ಸಿಗದ ಜಾಗವೇ ಪ್ಯಾನೆಲಿನ ಜಾಗ. ಇಳಿಜಾರು ದಕ್ಷಿಣಕ್ಕೆ ಹತ್ತು ಹನ್ನೆರಡು ಡಿಗ್ರಿ ಸಾಕು.

ಆನ್‌ಗ್ರಿಡ್, ಅಂದರೆ ಕೆಎಸ್‌ಇಬಿ ಲೈನಿಗೆ ಜೋಡಿಸಿದ ಸೋಲಾರ್ ಇನ್ವರ್ಟರ್ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್‌ಮನ್‌ಗಳ ಜೀವ ಕಾಯುವ ಏರ್ಪಾಡು ಅದು. ಮಳೆಗಾಲದ ಕತ್ತಲೆಗೆ ಹಳೆಯ ಬ್ಯಾಟರಿ ಇನ್ವರ್ಟರ್ ಇರಲಿ. ಬ್ಯಾಟರಿಯೂ ಸೇರಿದ ಹೈಬ್ರಿಡ್‌ ಸೋಲಾರಿಗೆ ಹಣ ಸುರಿದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು.

ಕಡಿಮೆ ಕೊಟೇಶನ್ ಕೊಡುವವರು ಕೈ ಬಿಗಿ ಹಿಡಿಯುವುದು ಅರ್ತಿಂಗ್‌ನಲ್ಲಿ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಇಳಿಸಿಕೊಳ್ಳುವುದಿಲ್ಲ. ಸಿಡಿಲು ಹೆಚ್ಚು ಬರುವುದೂ ಏಪ್ರಿಲ್, ಮೇಯಲ್ಲೇ. ಪ್ಯಾನೆಲ್ ಬದಿಯ ಡಿಸಿ, ಮನೆ ಬದಿಯ ಎಸಿ, ಸಿಡಿಲುನಿರೋಧಕ ಮೂರಕ್ಕೂ ಪ್ರತ್ಯೇಕ ಗುಂಡಿ ಬೇಕು. ಬಚ್ಚಲು ನೀರು ಹರಿಯುವ ಬದಿಯಲ್ಲಿ ತೋಡಿಸಿ, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ತುಂಬಿಸಿ. ಅರ್ತ್ ಟೆಸ್ಟರ್‌ನಲ್ಲಿ 5 ಓಮ್‌ಗಿಂತ ಕಡಿಮೆ ಬರಬೇಕು. ಮಳೆಗಾಲದಲ್ಲಿ ಅಳೆದರೆ ಎಂಥ ಗುಂಡಿಯೂ ಪಾಸಾಗುತ್ತದೆ, ಏಪ್ರಿಲಿನಲ್ಲಿ ಇನ್ನೊಮ್ಮೆ ಅಳೆದು ತೋರಿಸಬೇಕೆಂದು ಒಪ್ಪಂದದಲ್ಲೇ ಬರೆಸಿ. ಕೊನೆಯ ಕಂತು ಅದಾದ ಮೇಲೆ ಕೊಡಿ.