ಒಂದೇ ಈಡಿಗೆ ಬೀಳಬೇಕು: ಜಿಂಕೆ ಬೇಟೆಗೆ ತೋಟಾ ಆರಿಸುವುದು, ಗುರಿ ಕೂರಿಸುವುದು ಹೇಗೆ?

ಮೊದಲು ಕಾನೂನಿನ ಮಾತು. ಮುತ್ತೋಡಿ ರಸ್ತೆ ಪಕ್ಕ ಮೇಯುವ ಚುಕ್ಕೆ ಜಿಂಕೆಯನ್ನಾಗಲಿ, ಮೂಡಿಗೆರೆ ಕಡೆ ರಾತ್ರಿ ತೋಟಕ್ಕೆ ಇಳಿಯುವ ಕಡವೆಯನ್ನಾಗಲಿ, ಕಾಡುಕುರಿಯನ್ನಾಗಲಿ ಇಲ್ಲಿ ಹೊಡೆಯುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಬೆಳೆ ರಕ್ಷಣೆಗೆ ಅಂತ ಕೊಟ್ಟ ಕೋವಿ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಶಿಕಾರಿ ಮಾಡಬಹುದು ಅಂತ ಅರ್ಥ ಅಲ್ಲ. ಈ ಕಾನೂನು ಸರಿಯಾಗಿದೆ, ಹೀಗೇ ಇರಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಾದ್ರೆ ಈ ಲೇಖನ ಯಾರಿಗೆ? ಮೆಲ್ಬರ್ನ್‌ನಲ್ಲೋ ಟೆಕ್ಸಾಸ್‌ನಲ್ಲೋ ನೆಲೆಸಿರುವ ನಮ್ಮ ಮಲೆನಾಡಿನ ಮಕ್ಕಳಿಗೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯಕ್ಕೆ 1860ರ ದಶಕದಲ್ಲೇ ಕಡವೆ ತಂದು ಬಿಟ್ಟರು. ಟೆಕ್ಸಾಸ್‌ಗೆ 1930ರ ದಶಕದಲ್ಲಿ ಚುಕ್ಕೆ ಜಿಂಕೆ ಹೋಯಿತು. ಅಲ್ಲಿ ಇವು ಹೊರಗಿನಿಂದ ಬಂದ ಪ್ರಾಣಿಗಳು, ಲೈಸೆನ್ಸ್ ಪಡೆದವರು ಬೇಟೆಯಾಡಬಹುದು. ರಜೆಗೆ ಊರಿಗೆ ಬಂದವರು ಕಾಫಿ ಕುಡಿಯುತ್ತಾ ಕೇಳುವುದು ಒಂದೇ ಪ್ರಶ್ನೆ: "ಯಾವ ತೋಟಾ ಜಾಸ್ತಿ ಪವರ್ ಚಿಕ್ಕಪ್ಪ?" ಪವರ್ ಆಮೇಲಿನ ಮಾತು. ಗುಂಡು ಎಲ್ಲಿ ಬೀಳುತ್ತೆ ಅನ್ನುವುದು ಮೊದಲು. ಹೊಟ್ಟೆಗೆ ಏಟು ತಿಂದ ಜಿಂಕೆ ಗಂಟೆಗಟ್ಟಲೆ ನರಳಿ ಸಾಯುತ್ತದೆ, ತೋಟಾ ಎಷ್ಟು ದೊಡ್ಡದಾದರೂ ಅಷ್ಟೇ.

ತೋಟಾ ಆರಿಸುವಾಗ

ಮನೆಯ ಜೋಡಿ ನಳಿಗೆ ಕೋವಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದರ ನಳಿಗೆ ಒಳಗೆ ನುಣುಪು. ರೈಫಲ್ ನಳಿಗೆಯಲ್ಲಿ ತಿರುಚಿದ ಗೆರೆಗಳಿರುತ್ತವೆ. ಅವು ಗುಂಡನ್ನು ಬುಗುರಿ ಹಾಗೆ ತಿರುಗಿಸಿ ಕಳಿಸುತ್ತವೆ, ಅದಕ್ಕೇ ಗುಂಡು ದೂರದವರೆಗೂ ನೆಟ್ಟಗೆ ಹೋಗುತ್ತದೆ.

ಗಂಡು ಕಡವೆ 200 ಕೆ.ಜಿ. ದಾಟುತ್ತದೆ. ಗಂಡು ಚುಕ್ಕೆ ಜಿಂಕೆ ಸಾಮಾನ್ಯವಾಗಿ 70–90 ಕೆ.ಜಿ. ಎರಡಕ್ಕೂ ಒಂದೇ ಅಳತೆ ಸಾಲದು. ಕ್ಯಾಲಿಬರ್ ಅಂದರೆ ಇಂಚಿನ ಲೆಕ್ಕದಲ್ಲಿ ಗುಂಡಿನ ದಪ್ಪ, ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ. ವಿಕ್ಟೋರಿಯಾದ 2012ರ ನಿಯಮದಲ್ಲಿ ಚುಕ್ಕೆ ಜಿಂಕೆಗೆ ಕನಿಷ್ಠ .243 ಕ್ಯಾಲಿಬರ್, 80 ಗ್ರೇನ್ ಗುಂಡು ಅಂತಿತ್ತು. ಕಡವೆಗೆ ಕನಿಷ್ಠ .270, 130 ಗ್ರೇನ್. 100 ಗ್ರೇನ್ ಅಂದರೆ ಸುಮಾರು ಆರೂವರೆ ಗ್ರಾಂ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ಆ ವರ್ಷದ್ದನ್ನೇ ಓದಿಕೊಳ್ಳಿ.

ಹೊಸಬರಿಗೆ ನಾನು ಹೇಳುವುದು .308 ವಿಂಚೆಸ್ಟರ್, 150 ಗ್ರೇನ್. 1952ರಿಂದ ಬಳಕೆಯಲ್ಲಿದೆ, ಎಲ್ಲಾ ಕಡೆ ಸಿಗುತ್ತದೆ, ಭುಜಕ್ಕೆ ಕೊಡುವ ಒದೆ ತಡೆಯುವಷ್ಟಿರುತ್ತದೆ. ಬರೀ ಚುಕ್ಕೆ ಜಿಂಕೆಗಾದರೆ .243 ಸಾಕು. ಹೆಚ್ಚು ಮದ್ದು ತುಂಬಿ ಜೋರಾಗಿ ಒದೆಯುವ ಮ್ಯಾಗ್ನಮ್ ತೋಟಾಗಳ ಗೋಜಿಗೆ ಹೋಗಬೇಡಿ.

ಕ್ಯಾಲಿಬರ್‌ಗಿಂತ ಹೆಚ್ಚು ಗಮನ ಕೊಡಬೇಕಾದ್ದು ಗುಂಡಿನ ಬಗೆಗೆ. ಪೂರ್ತಿ ತಾಮ್ರ ಹೊದಿಸಿದ ಮಿಲಿಟರಿ ಮಾದರಿ ಗುಂಡು ಸಣ್ಣ ತೂತು ಮಾಡಿ ಆಚೆ ಹೋಗಿಬಿಡುತ್ತದೆ, ಪ್ರಾಣಿ ಗಾಯಗೊಂಡು ಓಡುತ್ತದೆ. ಬೇಟೆಗೆ ಬೇಕಾದ್ದು ಒಳಹೊಕ್ಕ ಮೇಲೆ ಅರಳುವ ಸಾಫ್ಟ್ ಪಾಯಿಂಟ್ ಗುಂಡು. ಪೆಟ್ಟಿಗೆಯ ಮೇಲೆ ಬರೆದಿರುತ್ತೆ, ಓದಿ ತಗೊಳ್ಳಿ.

ಗುರಿ ಕೂರಿಸುವುದು

ಗುರಿ ಕೂರಿಸುವುದು ಅಂದರೆ ಸ್ಕೋಪ್ (ರೈಫಲ್ ಮೇಲಿನ ದುರ್ಬೀನು) ತೋರಿಸಿದ ಕಡೆಗೇ ಗುಂಡು ಬೀಳುವ ಹಾಗೆ ಹೊಂದಿಸುವುದು. ರೇಂಜಿಗೆ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಮೈದಾನಕ್ಕೆ ಹೋಗಿ. ಮೇಜಿನ ಮೇಲೆ ಮರಳು ಚೀಲ ಇಟ್ಟು ರೈಫಲ್ ಅದರ ಮೇಲೆ ಕೂರಿಸಿ. ಮೊದಲು 25 ಮೀಟರಿನಲ್ಲಿ ಕಾಗದಕ್ಕೆ ಗುಂಡು ಬೀಳುವ ಹಾಗೆ ಮಾಡಿಕೊಳ್ಳಿ, ಆಮೇಲೆ 100 ಮೀಟರಿಗೆ ಹೋಗಿ. ಮೂರು ಈಡು ಹೊಡೆಯಿರಿ. ಒಂದೊಂದು ಈಡಿಗೂ ಸ್ಕೋಪ್ ತಿರುಗಿಸುತ್ತಾ ಕೂರಬೇಡಿ. ಮೂರು ತೂತಿನ ನಡು ಎಲ್ಲಿದೆ ಅಂತ ನೋಡಿ, ಅದನ್ನಷ್ಟೇ ಸರಿಪಡಿಸಿ. ಸಾಮಾನ್ಯ ಸ್ಕೋಪಿನಲ್ಲಿ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ ಗುರಿ ಸರಿಯುವುದು 100 ಮೀಟರಿನಲ್ಲಿ ಸುಮಾರು 7 ಮಿಲಿಮೀಟರ್. ನಡು 5 ಸೆಂಟಿಮೀಟರ್ ಕೆಳಗೆ, 3 ಸೆಂಟಿಮೀಟರ್ ಎಡಕ್ಕೆ ಇದ್ದರೆ 7 ಕ್ಲಿಕ್ ಮೇಲಕ್ಕೆ, 4 ಕ್ಲಿಕ್ ಬಲಕ್ಕೆ. ನಳಿಗೆ ತಣ್ಣಗಾಗಲು ಬಿಟ್ಟು ಮತ್ತೆ ಮೂರು ಈಡು. ಕಾಡಿನಲ್ಲಿ ನೀವು ಹೊಡೆಯುವ ಮೊದಲ ಈಡು ತಣ್ಣಗಿನ ನಳಿಗೆಯಿಂದಲೇ ತಾನೆ ಹೋಗೋದು?

ಮೂರೂ ತೂತು 3–4 ಸೆಂಟಿಮೀಟರ್ ಒಳಗೆ ಕೂತರೆ ಬೇಟೆಗೆ ಧಾರಾಳ. ಚದುರಿದರೆ ಬೇರೆ ಕಂಪನಿಯ ತೋಟಾ ಹಾಕಿ ನೋಡಿ. ಒಂದೊಂದು ರೈಫಲ್‌ಗೆ ಒಂದೊಂದು ತೋಟಾ ಒಗ್ಗುತ್ತದೆ. ಒಗ್ಗಿದ್ದು ಸಿಕ್ಕಿದ ಮೇಲೆ ತೋಟಾ ಬದಲಿಸಿದರೆ ಗುರಿ ಮತ್ತೆ ಕೂರಿಸಲೇಬೇಕು.

ಎಷ್ಟೋ ಸಲ ತಪ್ಪು ರೈಫಲ್‌ನದ್ದಲ್ಲ, ಹೊಡೆಯುವವರದ್ದು. ಪರೀಕ್ಷೆ ಸುಲಭ. ಗೆಳೆಯರೊಬ್ಬರು ನಿಮಗೆ ತೋರಿಸದೆ ಒಮ್ಮೆ ನಿಜವಾದ ತೋಟಾ, ಒಮ್ಮೆ ಮದ್ದಿಲ್ಲದ ಡಮ್ಮಿ ಹಾಕಿ ಕೊಡಲಿ. ಡಮ್ಮಿ ಬಂದಾಗ ಟ್ರಿಗರ್ ಎಳೆದ ತಕ್ಷಣ ನಳಿಗೆಯ ತುದಿ ಸರಕ್ಕನೆ ಕೆಳಗೆ ಬಗ್ಗಿದರೆ ನೀವು ಒದೆಗೆ ಹೆದರಿ ಮುಂಚೆಯೇ ಮೈ ಬಿಗಿ ಹಿಡಿಯುತ್ತಿದ್ದೀರಿ. ಕಣ್ಣು ಮುಚ್ಚಿಹೋಗುವುದೂ ಉಂಟು. ಇದು ಹೋಗುವವರೆಗೆ ಸಣ್ಣ .22 ರೈಫಲ್‌ನಲ್ಲಿ ಅಭ್ಯಾಸ ಮಾಡಿ.

ನಿಮ್ಮ ದೂರ ಯಾವುದು?

ಕಾಡಿನಲ್ಲಿ ಮೇಜು ಇರುವುದಿಲ್ಲ. 15 ಸೆಂಟಿಮೀಟರ್ ಅಗಲದ ಕಾಗದದ ತಟ್ಟೆ ನೆಟ್ಟು, ನಿಂತು, ಕೂತು, ಕೋಲಿಗೆ ಆನಿಸಿ ಹೊಡೆದು ನೋಡಿ. ಐದಕ್ಕೆ ಐದೂ ತಟ್ಟೆಗೆ ಬೀಳುವ ದೂರವೇ ನಿಮ್ಮ ದೂರ. ಅದು 80 ಮೀಟರ್ ಆದರೆ 80. ಅದಕ್ಕಿಂತ ಆಚೆ ನಿಂತ ಜಿಂಕೆಗೆ ಕೋವಿ ಎತ್ತಬಾರದು. 100 ಮೀಟರಿಗೆ ಕೂರಿಸಿದ .308ರ ಗುಂಡು 200ರಲ್ಲಿ 10–12 ಸೆಂಟಿಮೀಟರ್ ಕೆಳಗೆ ಬೀಳುತ್ತದೆ, 300ರಲ್ಲಿ 40 ಸೆಂಟಿಮೀಟರಿಗೂ ಹೆಚ್ಚು. ಅಷ್ಟು ವ್ಯತ್ಯಾಸದಲ್ಲಿ ಎದೆಗೆ ಇಟ್ಟ ಗುರಿ ಕಾಲಿಗೆ ತಾಗುತ್ತದೆ.

ಪ್ರಾಣಿ ಪಕ್ಕೆ ತೋರಿಸಿ ಅಡ್ಡ ನಿಂತಾಗ ಮಾತ್ರ ಹೊಡೆಯಿರಿ. ಮುಂಗಾಲಿನ ಹಿಂದೆ, ಎದೆಯ ಎತ್ತರದ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿ. ಅಲ್ಲಿ ಹೃದಯ, ಶ್ವಾಸಕೋಶ ಎರಡೂ ಇವೆ. ತಲೆಗೆ ಬೇಡ, ತಪ್ಪಿದರೆ ದವಡೆ ಒಡೆದ ಜಿಂಕೆ ಹಸಿದು ಸಾಯುತ್ತದೆ. ಗುಂಡು ಆಚೆ ಹೋಗದಂತೆ ತಡೆಯಲು ಪ್ರಾಣಿಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು. ದಿಣ್ಣೆಯ ನೆತ್ತಿ ಮೇಲೆ ಆಕಾಶಕ್ಕೆ ಎದುರಾಗಿ ನಿಂತಿದ್ದರೆ ಬಿಟ್ಟುಬಿಡಿ.

ಈಡು ಹೊಡೆದ ಮೇಲೆ

ತಕ್ಷಣ ಇನ್ನೊಂದು ತೋಟಾ ಏರಿಸಿ, ಸ್ಕೋಪಿನಿಂದ ಕಣ್ಣು ತೆಗೆಯಬೇಡಿ. ಜಿಂಕೆ ನಿಂತಿದ್ದ ಜಾಗ ಗುರುತಿಟ್ಟುಕೊಳ್ಳಿ. ಅದು ಬಿದ್ದದ್ದು ಕಾಣದಿದ್ದರೆ ಹಿಂದೆಯೇ ಓಡಬೇಡಿ, ಹದಿನೈದಿಪ್ಪತ್ತು ನಿಮಿಷ ಕಾಯಿರಿ. ಆಮೇಲೆ ರಕ್ತ ನೋಡಿ. ತಿಳಿಗೆಂಪು, ನೊರೆ ನೊರೆಯಾಗಿದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪಾಗಿದ್ದರೆ ಪಿತ್ತಜನಕಾಂಗ ಇರಬಹುದು. ಹಸಿರು ಕಲೆತು ವಾಸನೆ ಬಂದರೆ ಹೊಟ್ಟೆ. ಆಗ ಕೆಲವು ಗಂಟೆ ಕಾದು ಹೋಗಬೇಕು. ಅಟ್ಟಿಸಿದರೆ ಅದು ಮೈಲಿಗಟ್ಟಲೆ ಓಡಿ ಎಲ್ಲೋ ಬೀಳುತ್ತದೆ. ರಕ್ತ ಕಂಡ ಕಡೆಯೆಲ್ಲ ಗಿಡಕ್ಕೊಂದು ಬಣ್ಣದ ಪಟ್ಟಿ ಕಟ್ಟುತ್ತಾ ಹೋಗಿ. ಜಾಡು ತಪ್ಪಿದರೆ ಕೊನೆಯ ಪಟ್ಟಿಯಿಂದ ಮತ್ತೆ ಸುತ್ತು ಹಾಕಿ ಹುಡುಕಲು ಶುರುಮಾಡಿ.