ಜಠರದ ಉಬ್ಬಿದ ರಕ್ತನಾಳ ಒಡೆದಾಗ: ಎಂಡೋಸ್ಕೋಪಿಯ ಅಂಟು ಚಿಕಿತ್ಸೆ, ಮನೆಯವರ ತಿಳಿವಳಿಕೆಗೆ

ಲಿವರ್ ಸಿರೋಸಿಸ್ (ಲಿವರ್ ಹಾನಿಗೊಂಡು ಗಟ್ಟಿಯಾಗುವ ಕಾಯಿಲೆ) ಇರುವವರು ರಕ್ತ ವಾಂತಿ ಮಾಡಿಕೊಂಡರೆ, ಇಲ್ಲವೇ ಮಲ ಡಾಂಬರಿನಂತೆ ಕಪ್ಪಗೆ ಜಿಗುಟಾಗಿ ಹೋದರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಪರೀಕ್ಷೆ) ಮತ್ತು ರಕ್ತನಿಧಿ ಎರಡೂ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು. ಆದರೆ ಅದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಬಾರದು. ದಾರಿಯಲ್ಲಿ ಎಳನೀರನ್ನೂ ಕುಡಿಸದೆ, ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಹಳೆಯ ಎಂಡೋಸ್ಕೋಪಿ ವರದಿಗಳನ್ನು ಜೊತೆಗೊಯ್ಯಿರಿ.

ಆಸ್ಪತ್ರೆಯಲ್ಲಿ ಕೂಡಲೇ ಎಂಡೋಸ್ಕೋಪಿ ಮಾಡಲಿಲ್ಲವೆಂದು ಸಿಟ್ಟಾಗಬೇಡಿ. ಮೊದಲು ರಕ್ತದೊತ್ತಡ ಸ್ಥಿರಗೊಳಿಸಿ, ಸ್ರಾವ ತಗ್ಗಿಸುವ ಔಷಧಿಗಳಾದ ಟರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೋಟೈಡ್ ಮತ್ತು ಆ್ಯಂಟಿಬಯಾಟಿಕ್ ಆರಂಭಿಸಿ, ಸಾಮಾನ್ಯವಾಗಿ 12 ಗಂಟೆಯೊಳಗೆ ಪರೀಕ್ಷೆ ನಡೆಸುತ್ತಾರೆ. ಹಿಮೋಗ್ಲೋಬಿನ್ 7ರಿಂದ 8ರ ಆಸುಪಾಸಿಗೆ ಬಂದ ಮೇಲೆ ಸಾಮಾನ್ಯವಾಗಿ ಹೆಚ್ಚಿನ ರಕ್ತ ಕೊಡುವುದಿಲ್ಲ, ಏಕೆಂದರೆ ಅತಿಯಾದ ರಕ್ತದಿಂದ ಪೋರ್ಟಲ್ ರಕ್ತನಾಳದ (ಕರುಳಿನಿಂದ ಲಿವರ್‌ಗೆ ರಕ್ತ ಒಯ್ಯುವ ನಾಳ) ಒತ್ತಡ ಏರಿ ಸ್ರಾವ ಮತ್ತೆ ಶುರುವಾಗಬಹುದು.

ಅನ್ನನಾಳದ ಉಬ್ಬುನಾಳಗಳಿಗೆ ರಬ್ಬರ್ ಬ್ಯಾಂಡ್ ಹಾಕುವುದು ರೂಢಿ. ಆದರೆ ಜಠರದ ಮೇಲ್ಭಾಗದ ದಪ್ಪ ನಾಳಗಳಿಗೆ ಬ್ಯಾಂಡ್ ಭದ್ರವಾಗಿ ಕೂರುವುದಿಲ್ಲ. ಅಲ್ಲಿ ಬಳಸುವುದು ಸಯನೋಅಕ್ರಿಲೇಟ್ ಎಂಬ ವೈದ್ಯಕೀಯ ಅಂಟು. ವೈದ್ಯರು ಎಂಡೋಸ್ಕೋಪನ್ನು ಜಠರದೊಳಗೆ ಹಿಂದಕ್ಕೆ ಬಾಗಿಸಿ, ಉಬ್ಬಿದ ನಾಳಕ್ಕೆ ಸೂಜಿ ಚುಚ್ಚಿ, ಒಮ್ಮೆಗೆ ಸುಮಾರು 0.5ರಿಂದ 1 ಮಿಲಿಲೀಟರ್‌ನಷ್ಟು ಅಂಟನ್ನು ಒಳಗೆ ಬಿಡುತ್ತಾರೆ. ರಕ್ತ ತಗುಲಿದ ಕ್ಷಣಗಳಲ್ಲೇ ಅದು ಗಟ್ಟಿಯಾಗುವುದರಿಂದ, ಸೂಜಿಯ ಕೊಳವೆಯಲ್ಲಿ ಉಳಿದ ಅಂಟನ್ನು ನೀರಿನಿಂದ ಒಳಗೆ ತಳ್ಳಿ, ಸೂಜಿ ಸಿಕ್ಕಿಕೊಳ್ಳುವ ಮುನ್ನ ತಕ್ಷಣ ಹಿಂತೆಗೆಯಬೇಕು. ಆಮೇಲೆ ಸೂಜಿಯನ್ನು ಒಳಗೆಳೆದುಕೊಂಡು, ಕೊಳವೆಯ ತುದಿಯಿಂದ ನಾಳವನ್ನು ಒತ್ತಿ ನೋಡುತ್ತಾರೆ: ಗಟ್ಟಿಯಾಗಿದ್ದರೆ ತುಂಬಿದೆಯೆಂದು ಅರ್ಥ, ಮೆತ್ತಗಿದ್ದರೆ ಇನ್ನಷ್ಟು ಬೇಕು. ಇಡೀ ಚಿಕಿತ್ಸೆಯ ನಿಜವಾದ ಕೌಶಲವಿರುವುದು ಇಲ್ಲಿಯೇ.

ಅಂಟಿನ ತುಣುಕು ಶ್ವಾಸಕೋಶಕ್ಕೆ ಸಾಗುವುದು ಅಪರೂಪವಾದರೂ ಗಂಭೀರ ತೊಡಕು. ಎದೆನೋವು, ಏದುಸಿರು ಕಂಡರೆ ತಕ್ಷಣ ದಾದಿಯರಿಗೆ ತಿಳಿಸಬೇಕು. ವಾರಗಳು ಕಳೆದ ಮೇಲೆ ಗಟ್ಟಿಯಾದ ಅಂಟು ಕಳಚಿ ಜಠರದೊಳಗೆ ಉದುರುವುದು ಸಹಜ, ಆದರೆ ಆಗ ಹುಣ್ಣಾಗಿ ಮತ್ತೆ ರಕ್ತ ಸೋರಬಹುದಾದ್ದರಿಂದ ಹೇಳಿದ ದಿನಕ್ಕೆ ಮರುಎಂಡೋಸ್ಕೋಪಿಗೆ ಹೋಗಲೇಬೇಕು. ಅಂಟಿನಿಂದಲೂ ಸ್ರಾವ ನಿಲ್ಲದಿದ್ದರೆ, ಕುತ್ತಿಗೆಯ ರಕ್ತನಾಳದ ಮೂಲಕ ಲಿವರ್‌ನೊಳಗೆ ಸ್ಟೆಂಟ್ ಇಡುವ ಟಿಪ್ಸ್ ಚಿಕಿತ್ಸೆಯನ್ನು ಪರಿಗಣಿಸುತ್ತಾರೆ. ವೈದ್ಯರು ಪೋರ್ಟಲ್ ಒತ್ತಡ ತಗ್ಗಿಸುವ ಕಾರ್ವೆಡಿಲಾಲ್ ಅಥವಾ ಪ್ರೊಪ್ರನೊಲಾಲ್ ಮಾತ್ರೆ ಬರೆದುಕೊಟ್ಟಿದ್ದರೆ ತಾವಾಗಿಯೇ ನಿಲ್ಲಿಸಬಾರದು. ಮದ್ಯವನ್ನು ಪೂರ್ತಿ ಬಿಡಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬಾರದು.