ಡಿಸ್ಕ್ ಕೂರಿಸಲು ಅರ್ಧ ಗಂಟೆ, ಗುರುತು ಹಿಡಿಯಲು ಒಂದು ರಾತ್ರಿ

ನನ್ನ 2 ಟಿಬಿ ಹಾರ್ಡ್ ಡಿಸ್ಕ್ ಫೋಟೊಗಳಿಂದ ತುಂಬಿ ತುಳುಕುತ್ತಿತ್ತು. ಒಂದೇ ಸಲಕ್ಕೆ ಎರಡು ಡಿಸ್ಕ್ ತಂದೆ: ವಿಡಿಯೊ ಎಡಿಟಿಂಗ್‌ಗೆ 1 ಟಿಬಿಯ ಎನ್‌ವಿಎಂಇ (ಮದರ್‌ಬೋರ್ಡ್‌ಗೇ ನೇರ ಸಿಕ್ಕಿಸುವ ವೇಗದ ಡಿಸ್ಕ್), ಬ್ಯಾಕಪ್‌ಗೆ 4 ಟಿಬಿಯ ಹಾರ್ಡ್ ಡಿಸ್ಕ್. ಎರಡನ್ನೂ ಒಂದೇ ದಿನ ಹಾಕಬಾರದಿತ್ತು. ಒಂದನ್ನು ಹಾಕಿ, ಆನ್ ಮಾಡಿ, ಎಲ್ಲ ಸರಿಯಿದೆ ಅಂತ ನೋಡಿ, ಆಮೇಲೆ ಇನ್ನೊಂದು. ಇಲ್ಲದಿದ್ದರೆ ತೊಂದರೆ ಯಾವುದರಿಂದ ಬಂತು ಅನ್ನೋದೇ ಗೊತ್ತಾಗುವುದಿಲ್ಲ.

ಪ್ಲಗ್ ಕಿತ್ತು, ಪವರ್ ಬಟನ್ ಒಂದು ಸಲ ಒತ್ತಿ ಉಳಿದ ಕರೆಂಟ್ ಇಳಿಸಿ, ಕ್ಯಾಬಿನೆಟ್‌ನ ಬರಿ ಲೋಹ ಮುಟ್ಟಿ ಕೈಯಲ್ಲಿನ ಸ್ಥಿರ ವಿದ್ಯುತ್ ಕಳೆದುಕೊಂಡು ಕೆಲಸ ಶುರು ಮಾಡಿದೆ. ಎನ್‌ವಿಎಂಇ ಕಾರ್ಡ್ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಚೂಯಿಂಗ್ ಗಮ್ ಪಟ್ಟಿಯಷ್ಟು. ಅದನ್ನು ಮದರ್‌ಬೋರ್ಡ್‌ನ ಎಂ.2 ಸ್ಲಾಟ್‌ಗೆ ನೇರ ತಳ್ಳಬಾರದು. ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ ಹಿಡಿದು ಒಳಗೆ ಸರಿಸಿದರೆ ಚಿನ್ನದ ಬಣ್ಣದ ಹಲ್ಲುಗಳು ಪೂರ್ತಿ ಮುಳುಗುತ್ತವೆ. ಕೈಬಿಟ್ಟರೆ ಇನ್ನೊಂದು ತುದಿ ಮೇಲೆದ್ದೇ ನಿಂತಿರುತ್ತದೆ. ಅದನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು ಸಣ್ಣ ಸ್ಕ್ರೂ ಹಾಕಬೇಕು. ಮೇಲೆ ಹೀಟ್‌ಸಿಂಕ್ ಇದ್ದರೆ ಅದರ ಪ್ಯಾಡ್ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಕೀಳುವುದನ್ನು ಮರೆಯಬೇಡಿ, ಬಿಟ್ಟರೆ ಬಿಸಿ ಸರಿಯಾಗಿ ದಾಟುವುದಿಲ್ಲ. ಹಾರ್ಡ್ ಡಿಸ್ಕ್‌ನದು ಸುಲಭ: ನಾಲ್ಕು ಸ್ಕ್ರೂ, ಡೇಟಾಗೆ ಒಂದು ಸಾಟಾ ಕೇಬಲ್, ಒಂದು ಪವರ್ ಕೇಬಲ್.

ಆನ್ ಮಾಡಿದೆ. ಲಿನಕ್ಸ್ ಒಂದೂವರೆ ನಿಮಿಷ ಸುಮ್ಮನೆ ಕಾದು ಎಮರ್ಜೆನ್ಸಿ ಮೋಡ್‌ಗೆ (ಪೂರ್ತಿ ಏಳದೆ ದುರಸ್ತಿಗೆಂದು ನಿಲ್ಲುವ ಸ್ಥಿತಿ) ಬಿತ್ತು. ಡಿಸ್ಕ್‌ಗಳ ಪಟ್ಟಿ ತೆಗೆದರೆ ಹೊಸದೆರಡೂ ಇವೆ, ಹಳೆಯ 2 ಟಿಬಿ ಇಲ್ಲ. ಲಿನಕ್ಸ್‌ಗಿಂತ ಮೊದಲೇ ಓಡುವ ಬಯಾಸ್‌ನಲ್ಲೂ ಇಲ್ಲ. ವರ್ಷಗಟ್ಟಲೆ ತೆಗೆದ ಫೋಟೊಗಳು ಅದರಲ್ಲೇ ಇದ್ದವು, ಬ್ಯಾಕಪ್ ಆಗಬೇಕಿದ್ದದ್ದೇ ಆ ರಾತ್ರಿ. ಎದೆ ಧಸಕ್ಕೆಂದಿತು.

ಕ್ಯಾಬಿನೆಟ್ ತೆರೆದು ಆ ಡಿಸ್ಕ್ ಮೇಲೆ ಬೆರಳಿಟ್ಟೆ. ಒಳಗೆ ತಟ್ಟೆ ತಿರುಗುವ ಸಣ್ಣ ನಡುಕ ಬೆರಳಿಗೆ ಹತ್ತಿತು. ಕರೆಂಟ್ ಸಿಗುತ್ತಿದೆ, ತಿರುಗುತ್ತಿದೆ, ಆದರೂ ಕಾಣುತ್ತಿಲ್ಲ. ಹಾಗಾದರೆ ಕೆಟ್ಟಿರುವುದು ಡಿಸ್ಕ್ ಅಲ್ಲ, ದಾರಿ. ಕೇಬಲ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಮದರ್‌ಬೋರ್ಡ್‌ನ ಮ್ಯಾನುಯಲ್ ತೆಗೆದೆ. ಒಂದು ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ಎರಡನೇ ಎಂ.2 ಸ್ಲಾಟ್ ಬಳಸಿದರೆ 5 ಮತ್ತು 6ನೇ ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ. ಹೊಸ ಎನ್‌ವಿಎಂಇ ಕೂತದ್ದು ಆ ಸ್ಲಾಟ್‌ನಲ್ಲೇ, ನನ್ನ ಹಳೆಯ ಡಿಸ್ಕ್ ಇದ್ದದ್ದು 5ರಲ್ಲಿ. ಬೋರ್ಡ್‌ನ ಸಂಪರ್ಕಗಳನ್ನು ನಿಭಾಯಿಸುವ ಚಿಪ್‌ಸೆಟ್‌ನಿಂದ ಹೊರಡುವ ದಾರಿಗಳ ಸಂಖ್ಯೆ ಸೀಮಿತ, ಹಾಗಾಗಿ ಅನೇಕ ಬೋರ್ಡ್‌ಗಳಲ್ಲಿ ಒಂದೇ ದಾರಿಯನ್ನು ಎಂ.2 ಮತ್ತು ಸಾಟಾ ಹಂಚಿಕೊಂಡಿರುತ್ತವೆ. ಯಾವ ಪೋರ್ಟ್ ನಿಲ್ಲುತ್ತದೆ ಅನ್ನೋದು ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆ. ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಆ ಪುಟ ಓದಿದ್ದರೆ ಒಂದು ಗಂಟೆಯ ಸಂಕಟ ತಪ್ಪುತ್ತಿತ್ತು.

ಕೇಬಲನ್ನು 2ನೇ ಪೋರ್ಟ್‌ಗೆ ಸರಿಸಿದೆ. ಬಯಾಸ್‌ನಲ್ಲಿ ಎಲ್ಲವೂ ಬಂದವು. ಆದರೂ ಲಿನಕ್ಸ್ ಮತ್ತೆ ಎಮರ್ಜೆನ್ಸಿ ಮೋಡ್‌ಗೇ ಬಿತ್ತು.

ಈ ಸಲದ ಕಾರಣ ನಾನೇ ಬರೆದ ಒಂದು ಸಾಲು. ಆನ್ ಆದಾಗ ಯಾವ ಡಿಸ್ಕನ್ನು ಯಾವ ಫೋಲ್ಡರ್‌ಗೆ ಜೋಡಿಸಬೇಕು (ಮೌಂಟ್) ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ, ಫೋಟೊ ಡಿಸ್ಕನ್ನು ಎಸ್‌ಡಿಎ1 ಅನ್ನೋ ಹೆಸರಿನಿಂದ ಮೌಂಟ್ ಮಾಡಲು ಹಿಂದೆ ಯಾವತ್ತೋ ಬರೆದಿದ್ದೆ. ಎಸ್‌ಡಿಎ, ಎಸ್‌ಡಿಬಿ ಅನ್ನೋವು ಡಿಸ್ಕ್‌ನ ಹೆಸರುಗಳೇ ಅಲ್ಲ, ಆ ಸಲ ಆನ್ ಮಾಡಿದಾಗ ಸಿಕ್ಕ ಸರದಿ. 1ನೇ ಪೋರ್ಟ್‌ನಲ್ಲಿ ಕೂತ ಹೊಸ 4 ಟಿಬಿ ಈಗ ಎಸ್‌ಡಿಎ ಆಗಿತ್ತು, ನನ್ನ ಫೋಟೊಗಳು ಎಸ್‌ಡಿಬಿ ಆಗಿದ್ದವು. ಕೊನೆಯ 1 ಅಂದರೆ ಡಿಸ್ಕ್‌ನ ಮೊದಲ ಪಾರ್ಟಿಷನ್ (ವಿಭಾಗ). ಹೊಸದರಲ್ಲಿ ಪಾರ್ಟಿಷನ್ನೇ ಇಲ್ಲದ್ದರಿಂದ ಎಸ್‌ಡಿಎ1 ಸಿಗದೆ ಸಿಸ್ಟಮ್ ನಿಂತಿತು. ನಿಂತದ್ದೇ ಒಳ್ಳೆಯದಾಯಿತು.

ಇದಕ್ಕಿಂತ ಅಪಾಯದ ಜಾಗ ಫಾರ್ಮ್ಯಾಟ್. ತಪ್ಪು ಅಕ್ಷರಕ್ಕೆ ಆ ಆದೇಶ ಕೊಟ್ಟರೆ ಕ್ಷಣದಲ್ಲಿ ಎಲ್ಲ ಹೋಗುತ್ತದೆ. ಅದಕ್ಕೇ ಡಿಸ್ಕ್ ಕೂರಿಸುವ ಮೊದಲು ಲೇಬಲ್ ಮೇಲಿನ ಸೀರಿಯಲ್ ನಂಬರ್ ಬರೆದಿಟ್ಟುಕೊಂಡಿದ್ದೆ. ಡಿಸ್ಕ್‌ಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಬಿಎಲ್‌ಕೆ ಆದೇಶಕ್ಕೆ ಅಳತೆ ಮತ್ತು ಸೀರಿಯಲ್ ಎರಡನ್ನೂ ತೋರಿಸಲು ಹೇಳಿ, ಚೀಟಿಯನ್ನು ಪರದೆ ಪಕ್ಕ ಹಿಡಿದು ಒಂದೊಂದೇ ಅಕ್ಷರ ಹೋಲಿಸಿದೆ. ಅಳತೆಯೊಂದನ್ನೇ ನಂಬಬಾರದು, ಒಂದೇ ಗಾತ್ರದ ಎರಡು ಡಿಸ್ಕ್ ಇದ್ದರೆ ಅದರಿಂದ ಏನೂ ತಿಳಿಯದು. ಅಂದಹಾಗೆ 4 ಟಿಬಿ ಅಲ್ಲಿ 3.6 ಎಂದು ಕಾಣುತ್ತದೆ. ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ಆ ಆದೇಶ 1024ರ ಲೆಕ್ಕ. ಮೋಸವೇನೂ ಇಲ್ಲ.

ಪಾರ್ಟಿಷನ್ ಟೇಬಲ್‌ಗೆ (ವಿಭಾಗಗಳ ಪಟ್ಟಿ) ಜಿಪಿಟಿ ಪದ್ಧತಿ ಆರಿಸಿದೆ. ಹಳೆಯ ಎಂಬಿಆರ್ ಪದ್ಧತಿ ಸಾಮಾನ್ಯ 512 ಬೈಟ್ ಸೆಕ್ಟರ್ ಲೆಕ್ಕದಲ್ಲಿ ಸುಮಾರು 2 ಟಿಬಿಯಿಂದಾಚೆ ಹೋಗಲಾರದು. ಲಿನಕ್ಸ್‌ನ ಎಕ್ಸ್‌ಟಿ4 ಫೈಲ್‌ಸಿಸ್ಟಮ್‌ಗೆ ಫಾರ್ಮ್ಯಾಟ್ ಮಾಡಿದ ಮೇಲೆ ಇನ್ನೊಂದು ಕೆಲಸ. ಅದು ತಾನಾಗಿ ಶೇ 5ರಷ್ಟು ಜಾಗವನ್ನು ರೂಟ್ ಅನ್ನೋ ಆಡಳಿತಗಾರ ಖಾತೆಗೆಂದು ಕಾಯ್ದಿರಿಸುತ್ತದೆ. ಸಿಸ್ಟಮ್ ಡಿಸ್ಕ್‌ಗೆ ಅದು ಬೇಕು. ಬ್ಯಾಕಪ್ ಡಿಸ್ಕ್‌ನಲ್ಲಿ 200 ಜಿಬಿ ಸುಮ್ಮನೆ ಕೂರಿಸಲು ಮನಸ್ಸಾಗದೆ ಟ್ಯೂನ್2ಎಫ್‌ಎಸ್ ಆದೇಶದಿಂದ ಶೇ 1ಕ್ಕೆ ಇಳಿಸಿದೆ.

ಆಮೇಲೆ ಎಫ್‌ಎಸ್‌ಟ್ಯಾಬ್ ತಿದ್ದಿದೆ. ಪ್ರತಿ ಫೈಲ್‌ಸಿಸ್ಟಮ್‌ಗೂ ಯುಯುಐಡಿ ಅನ್ನೋ ತನ್ನದೇ ಗುರುತು ಇರುತ್ತದೆ. ಡಿಸ್ಕನ್ನು ಯಾವ ಪೋರ್ಟ್‌ಗೆ ಸಿಕ್ಕಿಸಿದರೂ ಅದು ಬದಲಾಗುವುದಿಲ್ಲ. ಮೂರು ಡೇಟಾ ಡಿಸ್ಕ್‌ಗೂ ಅದನ್ನೇ ಬರೆದೆ, ಜೊತೆಗೆ ನೋಫೇಲ್ ಅನ್ನೋ ಆಯ್ಕೆ ಸೇರಿಸಿದೆ. ಮುಂದೆ ಒಂದು ಡಿಸ್ಕ್ ಇಲ್ಲದಿದ್ದರೂ ಸಿಸ್ಟಮ್ ಏಳುತ್ತದೆ. ರೀಬೂಟ್ ಮಾಡುವ ಮೊದಲು ಎಲ್ಲವನ್ನೂ ಮೌಂಟ್ ಮಾಡುವ ಆದೇಶ ಕೊಟ್ಟು ಪರೀಕ್ಷಿಸಿದೆ. ತಪ್ಪಿದ್ದರೆ ಅಲ್ಲೇ ಸಿಗುತ್ತದೆ.

ನೋಫೇಲ್‌ನಲ್ಲೂ ಒಂದು ಕುಣಿಕೆ ಇದೆ, ಹುಷಾರು. ಡಿಸ್ಕ್ ಬರದಿದ್ದರೂ ಅದರ ಫೋಲ್ಡರ್ ಖಾಲಿಯಾಗಿ ಅಲ್ಲೇ ಇರುತ್ತದೆ. ಬ್ಯಾಕಪ್ ಪ್ರೋಗ್ರಾಂ ತಿಳಿಯದೆ ಅಲ್ಲಿಗೇ ಬರೆಯುತ್ತಾ ಹೋದರೆ ಸಿಸ್ಟಮ್ ಡಿಸ್ಕ್ ತುಂಬಿಹೋಗುತ್ತದೆ, ಬ್ಯಾಕಪ್ ಆಗಿದೆ ಅಂತ ನಾವು ನೆಮ್ಮದಿಯಾಗಿರುತ್ತೇವೆ. ಹಾಗಾಗದಂತೆ, ಡಿಸ್ಕ್ ಮೌಂಟ್ ಆಗದ ಸ್ಥಿತಿಯಲ್ಲಿ ಆ ಖಾಲಿ ಫೋಲ್ಡರ್‌ಗೆ ಏನೂ ಬರೆಯಲಾಗದಂತೆ ಸಿಎಚ್‌ಆಟ್ರ್ ಆದೇಶದಿಂದ ಬೀಗ ಹಾಕಿದೆ. ಈಗ ಡಿಸ್ಕ್ ಇಲ್ಲದಿದ್ದರೆ ಬ್ಯಾಕಪ್ ನಿಂತು ದೋಷ ತೋರಿಸುತ್ತದೆ, ನನಗೆ ಬೇಕಿದ್ದದ್ದೂ ಅದೇ.

ಹೊಸ ಹಾರ್ಡ್ ಡಿಸ್ಕ್‌ಗೆ ಡೇಟಾ ಹಾಕುವ ಮೊದಲು ಡಿಸ್ಕ್ ತನ್ನ ಆರೋಗ್ಯ ತಾನೇ ನೋಡಿಕೊಳ್ಳುವ ಸ್ಮಾರ್ಟ್ ವ್ಯವಸ್ಥೆಯ ದೀರ್ಘ ಪರೀಕ್ಷೆ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ದೋಷವಿಲ್ಲ ಅಂತ ಬಂದಿತ್ತು. ಹಳೆಯ ಡಿಸ್ಕ್‌ನ ಸ್ಮಾರ್ಟ್ ವರದಿಯ 199ನೇ ಸಾಲನ್ನೂ ನೋಡಿದೆ. ಕೇಬಲ್‌ನಲ್ಲಿ ಡೇಟಾ ಕೆಟ್ಟು ಹೋದರೆ ಏರುವ ಎಣಿಕೆ ಅದು, ಸೊನ್ನೆಯಲ್ಲೇ ಇತ್ತು. ಫೋಟೊಗಳ ನಕಲು ಹೊಸ ಡಿಸ್ಕ್‌ಗೆ ಹೋಗಲು ಶುರುವಾಯಿತು. ಅದು ನಡೆಯುತ್ತಿದ್ದಾಗಲೇ ಸೀರಿಯಲ್ ನಂಬರ್‌ಗಳ ಚೀಟಿಗೆ ಪೋರ್ಟ್ ಸಂಖ್ಯೆಗಳನ್ನೂ ಸೇರಿಸಿ, ಕ್ಯಾಬಿನೆಟ್ ಬಾಗಿಲ ಒಳಬದಿಗೆ ಅಂಟಿಸಿದೆ.